ಅಲೆಗಳ ವಿದ್ಯೆ ನಮ್ಮೂರಿಗೆ ಬಂದ ದಾರಿ

ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಪ್ರತಿ ವರ್ಷ ಕೇಳಿಬರುವ ಒಂದು ಮಾತಿದೆ. "ಕಂಪ್ಯೂಟರ್ ಸೈನ್ಸ್ ಸಿಗದಿದ್ರೆ ಇ ಅಂಡ್ ಸಿ ತಗೊಳ್ಳೋಣ." ಇ ಅಂಡ್ ಸಿ ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್. ಇದರಲ್ಲಿ ಎಲೆಕ್ಟ್ರಾನಿಕ್ಸ್ ಏನು ಅಂತ ಎಲ್ಲರಿಗೂ ಒಂದು ಅಂದಾಜಿರುತ್ತದೆ. ಆದರೆ ಆ 'ಕಮ್ಯುನಿಕೇಷನ್' ಅನ್ನುವುದು ಒಂದು ವಿದ್ಯೆಯಾಗಿ, ತರಗತಿಯಲ್ಲಿ ಕೂತು ಕಲಿಯುವ ವಿಷಯವಾಗಿ ನಮ್ಮ ವಿಶ್ವವಿದ್ಯಾಲಯಗಳಿಗೆ ಹೇಗೆ ಬಂತು? ಯಾರು ತಂದರು? ಯಾರಿಗೆ ಬಾಗಿಲು ತೆರೆಯಿತು, ಯಾರಿಗೆ ತೆರೆಯಲಿಲ್ಲ?

ಬೆಂಗಳೂರಿನ ತಂತ್ರಜ್ಞಾನದ ಕತೆ ಹೇಳುವವರು ಸಾಮಾನ್ಯವಾಗಿ ಸಾಫ್ಟ್‌ವೇರ್ ಕಂಪನಿಗಳಿಂದ ಶುರು ಮಾಡುತ್ತಾರೆ. ಸ್ವಲ್ಪ ಹಿಂದೆ ಹೋದವರು 1991ರ ಆರ್ಥಿಕ ಸುಧಾರಣೆಯಲ್ಲಿ ನಿಲ್ಲುತ್ತಾರೆ. ನನಗೆ ಇದು ಮರದ ಕೊಂಬೆ ತೋರಿಸಿ ಇದೇ ಬೇರು ಅಂದ ಹಾಗೆ ಕಾಣುತ್ತದೆ. ಬೇರು ಹುಡುಕಬೇಕಾದರೆ ಇನ್ನೂ ನಲವತ್ತೈವತ್ತು ವರ್ಷ ಹಿಂದೆ ಹೋಗಬೇಕು. ಈ ಬರಹ ಆ ಹುಡುಕಾಟ. ಸ್ವಲ್ಪ ಉದ್ದವಾಗಿದೆ, ಕಾಫಿ ಇಟ್ಟುಕೊಂಡು ಓದಿ :)

<b>ಮೊದಲು ಕಲ್ಕತ್ತೆ</b>

ನ್ಯಾಯವಾಗಿ ಹೇಳಬೇಕೆಂದರೆ ಕತೆ ಶುರುವಾಗುವುದು ಕಲ್ಕತ್ತೆಯಲ್ಲಿ. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಜಗದೀಶಚಂದ್ರ ಬೋಸರು 1895ರಲ್ಲಿ ಸಾರ್ವಜನಿಕರ ಎದುರು, ತಂತಿಯ ನಂಟಿಲ್ಲದೆ ವಿದ್ಯುತ್ಕಾಂತೀಯ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದರು. ಅವರು ಬಳಸಿದ್ದು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳು. ಈಗ 5ಜಿ ಬಗ್ಗೆ ಮಾತಾಡುವಾಗ 'ಮಿಲಿಮೀಟರ್ ವೇವ್' ಅನ್ನುವ ಪದ ಕೇಳುತ್ತೀರಲ್ಲ, ಆ ಜಾತಿಯವು. ಅದಕ್ಕೆ ಬೇಕಾದ ಉಪಕರಣಗಳನ್ನು ಅವರು ಅಲ್ಲಿಯೇ ಮಾಡಿಸಿಕೊಂಡಿದ್ದರು.

ಆದರೆ ಬೋಸರ ಕೆಲಸ ಸಂಶೋಧನೆಯಾಗಿತ್ತೇ ಹೊರತು ಪಠ್ಯವಾಗಿರಲಿಲ್ಲ. ಅವರ ಆಸಕ್ತಿಯೂ ಮುಂದೆ ಗಿಡಗಳ ಕಡೆ ಹರಿಯಿತು. ನಿಸ್ತಂತುವನ್ನು ತರಗತಿಯೊಳಗೆ ತಂದವರು ಇನ್ನೊಬ್ಬರು, ಶಿಶಿರ ಕುಮಾರ ಮಿತ್ರ. ಅವರು ಫ್ರಾನ್ಸಿನಲ್ಲಿ ಓದಿದರು. ಅಲ್ಲಿ ನಾನ್ಸಿ ಊರಿನ ವಿಶ್ವವಿದ್ಯಾಲಯದಲ್ಲಿ ರೇಡಿಯೊ ಕವಾಟಗಳ, ಅಂದರೆ ವಾಲ್ವುಗಳ ಕೆಲಸ ನೋಡಿದರು. 1923ರಲ್ಲಿ ವಾಪಸ್ ಬಂದು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆಮೇಲೆ ಅಲ್ಲಿನ ಭೌತಶಾಸ್ತ್ರದ ಎಂ.ಎಸ್ಸಿ.ಯಲ್ಲಿ ನಿಸ್ತಂತು ಒಂದು ವಿಷಯವಾಯಿತು. ಭೂಮಿಯ ಮೇಲಿನ ಅಯಾನುಗೋಳ ರೇಡಿಯೊ ಅಲೆಗಳನ್ನು ಹೇಗೆ ಹಿಂದಕ್ಕೆ ಬಾಗಿಸುತ್ತದೆ ಅನ್ನುವುದು ಅವರ ಜೀವನದ ಪ್ರಶ್ನೆಯಾಗಿತ್ತು. 1947ರಲ್ಲಿ ಬಂದ ಅವರ 'ದಿ ಅಪ್ಪರ್ ಅಟ್ಮಾಸ್ಫಿಯರ್' ಪುಸ್ತಕ ಜಗತ್ತಿನಾದ್ಯಂತ ಆ ವಿಷಯದ ಆಕರಗ್ರಂಥವಾಯಿತು. 1949ರಲ್ಲಿ ಕಲ್ಕತ್ತೆಯಲ್ಲಿ ರೇಡಿಯೊ ಭೌತಶಾಸ್ತ್ರಕ್ಕೇ ಪ್ರತ್ಯೇಕ ವಿಭಾಗ ಬಂತು.

ಇಲ್ಲೊಂದು ವಿಷಯ ಗಮನಿಸಿ. ಕಲ್ಕತ್ತೆಯಲ್ಲಿ ಈ ವಿದ್ಯೆ ಬಂದದ್ದು ಭೌತಶಾಸ್ತ್ರದ ಮನೆಯಿಂದ. "ಅಲೆ ಹೇಗೆ ಹೋಗುತ್ತದೆ" ಅಂತ ಕೇಳಿದವರಿಂದ. ನಮ್ಮ ಕಡೆ ಬಂದ ದಾರಿ ಬೇರೆ.

<b>ಮೈಸೂರಿನ ಮೇಷ್ಟ್ರು ಮಾಡಿದ ರೇಡಿಯೊ</b>

ಮೈಸೂರಿನಲ್ಲಿ ಇದು ಬಂದದ್ದು ಇಂಜಿನಿಯರುಗಳಿಂದಲ್ಲ, ಭೌತಶಾಸ್ತ್ರಜ್ಞರಿಂದಲೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರಿಂದ. ಲಂಡನ್ನಿನಲ್ಲಿ ಓದಿ ಬಂದಿದ್ದ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದರು. ಮೊದಲ ಪ್ರಸಾರಯಂತ್ರದ ಶಕ್ತಿ 30 ವ್ಯಾಟ್. ಮನೆಯಲ್ಲಿ ಹಾಕುವ ಒಂದು ಟ್ಯೂಬ್‌ಲೈಟಿಗಿಂತಲೂ ಕಡಿಮೆ!

ಆ ಕೇಂದ್ರದ ಹೆಸರು 'ಆಕಾಶವಾಣಿ'. ದೆಹಲಿಯಲ್ಲಿ 'ಆಲ್ ಇಂಡಿಯಾ ರೇಡಿಯೊ' ಅನ್ನುವ ಹೆಸರು ಬಂದದ್ದೇ ಮರುವರ್ಷ, 1936ರಲ್ಲಿ. ಇಡೀ ದೇಶದ ಬಾನುಲಿಗೆ ಆಕಾಶವಾಣಿ ಅನ್ನುವ ಹೆಸರು ಬಂದದ್ದು 1950ರ ದಶಕದಲ್ಲಿ. ಗೋಪಾಲಸ್ವಾಮಿಯವರು ಕೆಲವು ವರ್ಷ ಕೈಯಿಂದ ಖರ್ಚು ಮಾಡಿ, ಊರವರ ನೆರವು ಪಡೆದು ಕೇಂದ್ರ ನಡೆಸಿದರು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ಸರಕಾರ ಅದನ್ನು ವಹಿಸಿಕೊಂಡಿತು. 1955ರಲ್ಲಿ ಬೆಂಗಳೂರಿನಲ್ಲಿ ನಿಲಯ ಬಂತು.

ಈ ಕತೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಇದರಲ್ಲಿ ಇನ್ನೊಂದು ಎಳೆ ಇದೆ. ಗೋಪಾಲಸ್ವಾಮಿಯವರು ಕೇಳಿದ ಪ್ರಶ್ನೆ "ಅಲೆ ಹೇಗೆ ಹೋಗುತ್ತದೆ" ಎಂಬುದಲ್ಲ. ಕೇಂದ್ರ ಕಟ್ಟಿದ ಮೇಲೆ ಬರುವ ಪ್ರಶ್ನೆಯೇ ಬೇರೆ. ಯಾರಿಗೆ ಮಾತಾಡಬೇಕು, ಏನು ಮಾತಾಡಬೇಕು, ಯಾವ ಭಾಷೆಯಲ್ಲಿ? ಸಂಗೀತ, ಮಾತುಕತೆ, ಕಾವ್ಯ ಎಲ್ಲ ಅಲ್ಲಿಂದ ಕನ್ನಡದಲ್ಲೇ ಹೊರಟವು. ತಂತ್ರ ಮತ್ತು ಮಾತು ಒಂದೇ ಮನೆಯಲ್ಲಿದ್ದ ಕಾಲ ಅದು. ಮುಂದೆ ಅವೆರಡೂ ಬೇರೆ ಬೇರೆ ಮನೆ ಮಾಡಿಕೊಂಡವು. ತಂತ್ರ ಇಂಜಿನಿಯರಿಂಗ್ ಕಾಲೇಜಿಗೆ ಹೋಯಿತು, ಮಾತು ಪತ್ರಿಕೋದ್ಯಮ ವಿಭಾಗಕ್ಕೆ ಹೋಯಿತು. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದು ಅಪರೂಪವಾಯಿತು.

<b>ಟಾಟಾ ಇನ್‌ಸ್ಟಿಟ್ಯೂಟಿನ ಸಣ್ಣ ಕರೆಂಟು</b>

ಈಗ ಬೆಂಗಳೂರಿಗೆ ಬರೋಣ. ಹಳೇ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ, ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಅಲ್ಲಿ ಮೊದಲು ತೆರೆದ ಕೆಲವೇ ವಿಭಾಗಗಳಲ್ಲಿ ರಸಾಯನಶಾಸ್ತ್ರದ ಜೊತೆಗೆ 'ಎಲೆಕ್ಟ್ರಿಕಲ್ ಟೆಕ್ನಾಲಜಿ'ಯೂ ಇತ್ತು. ಇದು ಆಕಸ್ಮಿಕವಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತ್ತು. ವಿದ್ಯುತ್ತನ್ನು ಬಲ್ಲವರು ಬೇಕಾಗಿದ್ದರು.

ಹಾಗಾಗಿ ಅಲ್ಲಿ ಮೊದಲು ಕಲಿಸಿದ್ದು ದೊಡ್ಡ ಕರೆಂಟಿನ ವಿದ್ಯೆ. ಜನರೇಟರ್, ಮೋಟಾರ್, ಟ್ರಾನ್ಸ್‌ಫಾರ್ಮರ್, ನೂರಾರು ಮೈಲಿಯ ತಂತಿ. ನಿಸ್ತಂತು ಅದರ ನೆರಳಿನಲ್ಲಿ ಬೆಳೆದ ಗಿಡ. ದೊಡ್ಡ ಕರೆಂಟಿನವರಿಗೆ ಬೇಕಾದದ್ದು ಶಕ್ತಿ, ಅದು ದಾರಿಯಲ್ಲಿ ಸೋರಿಹೋಗಬಾರದು. ಸಣ್ಣ ಕರೆಂಟಿನವರಿಗೆ ಬೇಕಾದದ್ದು ಸುದ್ದಿ. ಶಕ್ತಿ ಲಕ್ಷಪಾಲು ಕಡಿಮೆಯಾದರೂ ಚಿಂತೆಯಿಲ್ಲ, ಸುದ್ದಿ ಕೆಡಬಾರದು. ಒಂದೇ ವಿದ್ಯುತ್ತು, ಎರಡು ಬೇರೆ ಬೇರೆ ಮನಸ್ಸು. ಈ ಎರಡನೇ ಮನಸ್ಸಿಗೆ ಪ್ರತ್ಯೇಕ ವಿಭಾಗ ಬೇಕು ಅನ್ನಿಸಲು ಮಹಾಯುದ್ಧವೇ ಬರಬೇಕಾಯಿತು.

ಎರಡನೇ ಮಹಾಯುದ್ಧದಲ್ಲಿ ರೇಡಾರ್ ಬಂತು, ವಿಮಾನಕ್ಕೂ ನೆಲಕ್ಕೂ ಮಾತುಕತೆ ಬೇಕಾಯಿತು. ವಾಲ್ವ್ ಸೆಟ್ಟುಗಳನ್ನು ನಡೆಸುವವರು, ರಿಪೇರಿ ಮಾಡುವವರು ಬೇಕಾದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಸಂಸ್ಥೆಯಲ್ಲಿ 'ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಇಂಜಿನಿಯರಿಂಗ್' ಅನ್ನುವ ಹೆಸರಿನಲ್ಲಿ ಸಂವಹನದ ವಿದ್ಯೆ ತನ್ನ ಕಾಲ ಮೇಲೆ ನಿಂತಿತು. ಗಮನಿಸಿ, ಆ ಹೆಸರಿನಲ್ಲಿ 'ಎಲೆಕ್ಟ್ರಾನಿಕ್ಸ್' ಇಲ್ಲ. ಇವತ್ತಿಗೂ ಆ ವಿಭಾಗದ ಹೆಸರು ಅದೇ. ವಸ್ತುವಿಗಿಂತ ಕೆಲಸವನ್ನು ಮುಂದಿಟ್ಟ ಹೆಸರು ಅದು.

<b>ಮೈಸೂರು ಸಂಸ್ಥಾನದ ಹುಡುಗಿ, ಮಿಷಿಗನ್ನಿನ ಡಾಕ್ಟರೇಟು</b>

ಈ ವಿಭಾಗದ ಕತೆಯಲ್ಲಿ ನನಗೆ ಬಹಳ ಹತ್ತಿರವಾದ ಹೆಸರು ರಾಜೇಶ್ವರಿ ಚಟರ್ಜಿ. ಹೆಸರು ನೋಡಿ ಬಂಗಾಳದವರು ಅಂದುಕೊಳ್ಳಬೇಡಿ, ಅದು ಮದುವೆಯಿಂದ ಬಂದದ್ದು. 1922ರಲ್ಲಿ ಹುಟ್ಟಿದ ಅವರು ನಮ್ಮ ಮೈಸೂರು ಸಂಸ್ಥಾನದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ, ಅದರಲ್ಲೂ ವಿಧವೆಯರ ಓದಿಗಾಗಿ ದುಡಿದವರು. ಮೊಮ್ಮಗಳು ಓದಿದ್ದು ಬೆಂಗಳೂರಿನ ಮಹಿಳಾ ಸೇವಾ ಸಮಾಜ ನಡೆಸುತ್ತಿದ್ದ ಶಾಲೆಯಲ್ಲಿ. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ., ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕು.

1943ರಲ್ಲಿ ಅವರು ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದರು. ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡಬೇಕೆಂಬ ಆಸೆ ಇತ್ತಂತೆ, ಭೌತಶಾಸ್ತ್ರದ ಪದವಿ ಇಲ್ಲ ಅನ್ನುವ ಕಾರಣಕ್ಕೆ ಆಗಲಿಲ್ಲ. ಹಾಗಾಗಿ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗದಲ್ಲಿ ಸಂವಹನದ ಕೆಲಸಕ್ಕೆ ಸೇರಿಕೊಂಡರು. ನೋಡಿ, ಒಂದು ಬಾಗಿಲು ಮುಚ್ಚಿದ್ದರಿಂದ ಅಲೆಗಳ ವಿದ್ಯೆಗೆ ಒಬ್ಬ ಗಣಿತ ಬಲ್ಲವಳು ಸಿಕ್ಕಳು. ಮೈಕ್ರೊವೇವಿಗೆ ಬೇಕಾಗಿದ್ದೇ ಗಣಿತ!

ಯುದ್ಧದ ನಂತರ ಬಂದ ಮಧ್ಯಂತರ ಸರಕಾರ ಪ್ರತಿಭಾವಂತರನ್ನು ವಿದೇಶಕ್ಕೆ ಓದಲು ಕಳಿಸುವ ವಿದ್ಯಾರ್ಥಿವೇತನ ಕೊಡುತ್ತಿತ್ತು. 1946ರಲ್ಲಿ ಅದಕ್ಕೆ ಆಯ್ಕೆಯಾಗಿ, 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಇಪ್ಪತ್ತೈದು ವರ್ಷದ, ಮದುವೆಯಾಗದ ಹೆಣ್ಣುಮಗಳು ಒಬ್ಬಳೇ ಸಮುದ್ರ ದಾಟುವುದು ಅಂದಿನ ಮಧ್ಯಮವರ್ಗದ ಮನೆಯಲ್ಲಿ ಎಷ್ಟು ದೊಡ್ಡ ಮಾತು ಅಂತ ನಮ್ಮ ಅಜ್ಜಿಯಂದಿರನ್ನು ಕೇಳಿದರೆ ಗೊತ್ತಾಗುತ್ತದೆ. ಅಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೊ ಆವೃತ್ತಿಗಳನ್ನು ಅಳೆಯುವ ತರಬೇತಿ ಪಡೆದರು. ಮತ್ತೆ ಮಿಷಿಗನ್ನಿಗೆ ಹೋಗಿ, ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನದಲ್ಲಿ ಸಂಶೋಧನೆ ಮಾಡಿ 1953ರಲ್ಲಿ ಪಿಎಚ್.ಡಿ. ಪಡೆದರು. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ ಕೂಡ ಇದೇ ವೇತನದಲ್ಲಿ ಇದೇ ಮಿಷಿಗನ್ನಿನಲ್ಲಿ ಓದಿದವರು.

ಅದೇ ವರ್ಷ ವಾಪಸ್ ಬಂದು ಸಂವಹನ ವಿಭಾಗದಲ್ಲಿ ಅಧ್ಯಾಪಕಿಯಾದರು. ಅದೇ ವಿಭಾಗದ ಶಿಶಿರ ಕುಮಾರ ಚಟರ್ಜಿಯವರನ್ನು ಮದುವೆಯಾದರು (ಕಲ್ಕತ್ತೆಯ ಶಿಶಿರ ಕುಮಾರ ಮಿತ್ರರು ಬೇರೆ, ಗೊಂದಲ ಬೇಡ). ಗಂಡಹೆಂಡತಿ ಸೇರಿ ಮೈಕ್ರೊವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ದೇಶದಲ್ಲಿ ಆ ವಿಷಯದ ಅತ್ಯಂತ ಮೊದಲ ಕೆಲಸಗಳಲ್ಲಿ ಅದೂ ಒಂದು. ವಿದ್ಯುತ್ಕಾಂತೀಯ ಸಿದ್ಧಾಂತ, ವಾಲ್ವ್ ಸರ್ಕಿಟ್ಟುಗಳು, ಮೈಕ್ರೊವೇವ್, ರೇಡಿಯೊ ಇಂಜಿನಿಯರಿಂಗ್ ಎಲ್ಲವನ್ನೂ ಕಲಿಸಿದರು. ಇಪ್ಪತ್ತು ಮಂದಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. ನೂರಕ್ಕೂ ಹೆಚ್ಚು ಪ್ರಬಂಧಗಳು, ಏಳು ಪುಸ್ತಕಗಳು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಸಂಘಟನೆಯಲ್ಲಿ ತೊಡಗಿಕೊಂಡರು. 2010ರಲ್ಲಿ ತೀರಿಕೊಂಡರು.

ಇಂಟರ್ನೆಟ್ಟಿನಲ್ಲಿ ಅವರನ್ನು ಕೆಲವೆಡೆ "ಭಾರತದ ಮೊದಲ ಮಹಿಳಾ ಇಂಜಿನಿಯರ್" ಅಂತ ಬರೆದಿರುತ್ತಾರೆ. ಅದು ಸರಿಯಲ್ಲ. ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಿಂದ ಎ. ಲಲಿತಾ, ಪಿ.ಕೆ. ತ್ರೇಸಿಯಾ, ಲೀಲಮ್ಮ ಜಾರ್ಜ್ ಈ ಮೂವರು 1940ರ ದಶಕದ ಆರಂಭದಲ್ಲೇ ಇಂಜಿನಿಯರುಗಳಾಗಿ ಹೊರಬಂದಿದ್ದರು. ಲಲಿತಾ ಹದಿನೆಂಟನೇ ವಯಸ್ಸಿಗೇ ವಿಧವೆಯಾಗಿ, ಕೈಕೂಸನ್ನಿಟ್ಟುಕೊಂಡು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು. ಅವರ ಪದವಿ ಪತ್ರದಲ್ಲಿ ಅಚ್ಚಾಗಿದ್ದ 'ಅವನು' ಅನ್ನುವುದನ್ನು ಹೊಡೆದುಹಾಕಿ ಕೈಯಲ್ಲಿ 'ಅವಳು' ಅಂತ ಬರೆದುಕೊಡಬೇಕಾಯಿತು. ಮುದ್ರಿತ ಪತ್ರಕ್ಕೂ ಕಲ್ಪನೆ ಇರಲಿಲ್ಲ ನೋಡಿ!

ರಾಜೇಶ್ವರಿಯವರಿಗೆ ಆ 'ಮೊದಲ' ಅನ್ನುವ ಪಟ್ಟದ ಅಗತ್ಯವಿಲ್ಲ ಅಂತ ನನ್ನ ಅನಿಸಿಕೆ. ಪಟ್ಟ ಕಟ್ಟುವ ಭರದಲ್ಲಿ ನಾವು ಅವರ ನಿಜವಾದ ಕೆಲಸವನ್ನೇ ಮರೆಯುತ್ತೇವೆ. ಇಪ್ಪತ್ತೊಂಬತ್ತು ವರ್ಷ ಒಂದೇ ಕಡೆ ನಿಂತು ಪಾಠ ಮಾಡುವುದು 'ಮೊದಲ' ಆಗುವುದಕ್ಕಿಂತ ಕಷ್ಟದ ಕೆಲಸ.

<b>ಹಿತ್ತಾಳೆಯ ಕೊಳವೆ ಮತ್ತು ಹೆಸರಿಲ್ಲದ ಕೈಗಳು</b>

ಮೈಕ್ರೊವೇವ್ ಅಂದರೆ ಅಡುಗೆಮನೆಯ ಒಲೆ ನೆನಪಾಗುತ್ತದೆ. ಅದೂ ಅದೇ ಅಲೆಯೇ. ಆದರೆ ಸಂವಹನದಲ್ಲಿ ಇದರ ಮಹತ್ವ ಬೇರೆ. ಅಲೆಯ ಉದ್ದ ಕೆಲವು ಸೆಂಟಿಮೀಟರಿಗೆ ಇಳಿದಾಗ ಅದನ್ನು ಟಾರ್ಚಿನ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ಬಿಡಬಹುದು. ಅದರ ಮೇಲೆ ಸಾವಿರಾರು ಫೋನ್ ಮಾತುಕತೆಗಳನ್ನು ಒಟ್ಟಿಗೆ ಹೇರಬಹುದು. ರೇಡಾರಿಗೂ ಇದೇ ಬೇಕು, ಉಪಗ್ರಹಕ್ಕೂ ಇದೇ ಬೇಕು.

ತೊಂದರೆ ಏನೆಂದರೆ ಈ ಅಲೆಯನ್ನು ಮಾಮೂಲಿ ತಂತಿಯಲ್ಲಿ ಕಳಿಸಿದರೆ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ಟೊಳ್ಳು ಲೋಹದ ಕೊಳವೆಯಲ್ಲಿ ಸಾಗಿಸುತ್ತಾರೆ. ಅದಕ್ಕೆ 'ವೇವ್‌ಗೈಡ್' ಅಂತ ಹೆಸರು. ಮೂರು ಸೆಂಟಿಮೀಟರಿನ ಅಲೆಗೆ ಸಾಮಾನ್ಯವಾಗಿ ಬಳಸುವ ಕೊಳವೆಯ ಒಳ ಅಳತೆ 22.86 ಮಿ.ಮೀ. ಅಗಲ, 10.16 ಮಿ.ಮೀ. ಎತ್ತರ. ನೂರನೇ ಒಂದು ಮಿಲಿಮೀಟರಿನ ಲೆಕ್ಕ! ಒಳಗೋಡೆ ನುಣುಪಾಗಿರಬೇಕು, ಎರಡು ಕೊಳವೆ ಕೂಡುವಲ್ಲಿ ಕೂದಲೆಳೆಯ ಸಂದೂ ಇರಬಾರದು. ಸಂದಿದ್ದರೆ ಅಲೆ ಅಲ್ಲಿಗೆ ಬಡಿದು ವಾಪಸ್ ಬರುತ್ತದೆ.

ಈಗ ಯೋಚಿಸಿ. ಸಮೀಕರಣ ಬರೆದವರು ಪ್ರಾಧ್ಯಾಪಕರು. ಆ ಅಳತೆಗೆ ಹಿತ್ತಾಳೆಯನ್ನು ಲೇಥಿನಲ್ಲಿ, ಮಿಲ್ಲಿಂಗ್ ಯಂತ್ರದಲ್ಲಿ ತಂದುಕೊಟ್ಟವರು ಯಾರು? ವರ್ಕ್‌ಶಾಪಿನವರು. ವಾಲ್ವಿನ ಕಾಲವಾದ್ದರಿಂದ ಗಾಜು ಊದಿ ನಿರ್ವಾತದ ಸಾಮಾನು ಮಾಡುವವರೂ ಬೇಕಿತ್ತು. ಬೆಸುಗೆ ಹಾಕುವವರು, ಬ್ಯಾಟರಿ ನೋಡಿಕೊಳ್ಳುವವರು, ಮೀಟರುಗಳನ್ನು ತಿದ್ದಿ ಸರಿಹೊಂದಿಸುವವರು ಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಸಂವಹನ ಕಲಿಸುವುದೆಂದರೆ ಇವರೆಲ್ಲರ ಕೆಲಸವೂ ಹೌದು. ಆದರೆ ಪ್ರಬಂಧಗಳಲ್ಲಿ ಇವರ ಹೆಸರು ಬಂದರೆ ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಬಹಳ ಸಲ ಅಲ್ಲೂ ಇಲ್ಲ.

ಇಂಥ ಕೈಗಳನ್ನು ತಯಾರು ಮಾಡಿದ ಜಾಗಗಳೂ ನಮ್ಮಲ್ಲಿದ್ದವು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಸ್.ಜೆ. ಪಾಲಿಟೆಕ್ನಿಕ್, ಅಂದರೆ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ, ಛಾಯಾಗ್ರಹಣವನ್ನೂ ಧ್ವನಿಮುದ್ರಣವನ್ನೂ ಡಿಪ್ಲೊಮಾ ವಿಷಯವಾಗಿ ಕಲಿಸಿತು. ಕ್ಯಾಮೆರಾ ಹಿಡಿಯುವುದನ್ನು ಸ್ಟುಡಿಯೊದಲ್ಲಿ ಗುರುವಿನ ಕಾಲ ಬಳಿ ಕೂತು ಕಲಿಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಸಂಗತಿ. 1946ರಲ್ಲಿ ಅಲ್ಲಿಂದ ಹೊರಬಂದ ಮೈಸೂರಿನ ವಿ.ಕೆ. ಮೂರ್ತಿ ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟರು. 1959ರ 'ಕಾಗಜ್ ಕೇ ಫೂಲ್' ಅವರ ಕೈಯದ್ದೇ. ಮುಂದೆ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಗೋವಿಂದ ನಿಹಲಾನಿ ಕೂಡ ಇದೇ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿ.

ಇನ್ನು ಕಾರ್ಖಾನೆಗಳು. 1948ರಲ್ಲಿ ದೂರವಾಣಿನಗರದ ಐ.ಟಿ.ಐ., 1954ರಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಒಂದು ಟೆಲಿಫೋನು, ಇನ್ನೊಂದು ರೇಡಿಯೊ ಮತ್ತು ರೇಡಾರ್. ಓದು, ಕೈಕೆಲಸ, ಕಾರ್ಖಾನೆ ಮೂರೂ ಒಂದೇ ಊರಿನ ಬಸ್ಸಿನ ದೂರದಲ್ಲಿ ಸಿಕ್ಕ ಊರು ದೇಶದಲ್ಲಿ ಎಷ್ಟಿದ್ದವು? 1975ರಲ್ಲಿ ಆರ್ಯಭಟ ಉಪಗ್ರಹವನ್ನು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಜೋಡಿಸಲು ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಸಾಫ್ಟ್‌ವೇರ್ ಬರುವ ಮೊದಲೇ ನೆಲ ಹದವಾಗಿತ್ತು.

<b>ಮುಂದಿನ ಅಕ್ಷರ ಯಾವುದು?</b>

ಈಗ ನನಗೆ ಅತಿ ಇಷ್ಟವಾದ ಅಧ್ಯಾಯ. ಅದೇ ಸಂವಹನ ವಿಭಾಗದಲ್ಲಿ ಬಿ.ಎಸ್. ರಾಮಕೃಷ್ಣ ಎಂಬ ಪ್ರಾಧ್ಯಾಪಕರಿದ್ದರು. ಧ್ವನಿವಿಜ್ಞಾನ ಅವರ ವಿಷಯ. ಮುಂದೆ ಹೈದರಾಬಾದ್ ವಿಶ್ವವಿದ್ಯಾಲಯದ ಕುಲಪತಿಯೂ ಆದರು. 1948ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಮಾಹಿತಿ ಸಿದ್ಧಾಂತ ಕೊಟ್ಟಿದ್ದರು. ಸುದ್ದಿಯನ್ನೂ ಅಕ್ಕಿಯ ಹಾಗೆ ಅಳೆಯಬಹುದು, ಅದರ ಸೇರು 'ಬಿಟ್' ಅನ್ನುವ ಸಿದ್ಧಾಂತ. ರಾಮಕೃಷ್ಣ ಮತ್ತು ಅವರ ಸಂಗಡಿಗರು ಆ ಸೇರನ್ನು ನಮ್ಮ ಭಾಷೆಗಳಿಗೆ ಹಿಡಿದರು. ಭಾರತೀಯ ಭಾಷೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ, ಒಂದು ಅಕ್ಷರ ಎಷ್ಟು ಮಾಹಿತಿ ಹೊರುತ್ತದೆ ಅಂತ ಲೆಕ್ಕ ಹಾಕಿ 1962ರಲ್ಲಿ ಪುಸ್ತಕ ತಂದರು. 1965ರಲ್ಲಿ ಕನ್ನಡ ಗದ್ಯದ 'ಎಂಟ್ರೊಪಿ' ಬಗ್ಗೆಯೇ ಒಂದು ಟಿಪ್ಪಣಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು.

ಎಂಟ್ರೊಪಿ ಅಂದರೆ ಹೆದರಬೇಡಿ. ನಾನು 'ಕನ್ನ' ಅಂತ ಬರೆದು ನಿಲ್ಲಿಸಿದರೆ ಮುಂದಿನದು 'ಡ' ಅಂತ ನೀವು ಊಹಿಸುತ್ತೀರಿ. ('ಡಿ' ಆಗಿ ಕನ್ನಡಿಯೂ ಆಗಬಹುದು, ಆದರೂ ಆಯ್ಕೆ ಕಡಿಮೆ.) ಊಹಿಸಲು ಸುಲಭವಾದ ಅಕ್ಷರ ಹೊಸ ಸುದ್ದಿ ಹೇಳುವುದು ಕಡಿಮೆ. ಊಹೆಗೆ ಸಿಗದ ಅಕ್ಷರವೇ ನಿಜವಾದ ಸುದ್ದಿ. ತಂತಿ ಕಳಿಸುವವರಿಗೆ, ಟೆಲಿಪ್ರಿಂಟರ್ ಮಾಡುವವರಿಗೆ ಇದು ಬರೀ ಆಟವಲ್ಲ, ದುಡ್ಡಿನ ಲೆಕ್ಕ.

1962ರ ಆ ಪುಸ್ತಕದ ಲೇಖಕರಲ್ಲಿ ಒಬ್ಬರ ಹೆಸರು ಬಿಷ್ಣು ಅಟಲ್. ಕಾನ್ಪುರದ ಹುಡುಗ. 1955ರಲ್ಲಿ ಇದೇ ವಿಭಾಗದಲ್ಲಿ ಡಿಪ್ಲೊಮಾ ಪಡೆದು, 1957ರಿಂದ 1960ರವರೆಗೆ ಇಲ್ಲಿಯೇ ಪಾಠ ಮಾಡಿದರು. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ಗೆ ಸೇರಿದರು. ಅಲ್ಲಿ ಅವರು ಮಾನವನ ಧ್ವನಿಗೆ ಇದೇ ರೀತಿಯ ಪ್ರಶ್ನೆ ಕೇಳಿದರು. ಈವರೆಗಿನ ಧ್ವನಿ ಕೇಳಿದರೆ ಮುಂದಿನ ತುಣುಕನ್ನು ಊಹಿಸಬಹುದೇ?

ಊಹಿಸಬಹುದು. ಗಂಟಲು, ನಾಲಿಗೆ, ತುಟಿ ಇವೆಲ್ಲ ಮಾಂಸದವು, ಒಂದೇ ಕ್ಷಣದಲ್ಲಿ ಜಾಗ ಬದಲಿಸಲಾರವು. ಹಾಗಾಗಿ ಧ್ವನಿಯ ಮುಂದಿನ ತುಣುಕು ಹಿಂದಿನ ಕೆಲವು ತುಣುಕುಗಳಿಂದ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಊಹೆಯ ಸೂತ್ರವನ್ನೂ, ಊಹೆ ತಪ್ಪಿದಷ್ಟನ್ನೂ ಮಾತ್ರ ಕಳಿಸಿದರೆ ಆ ಕಡೆಯವರು ಧ್ವನಿಯನ್ನು ಮತ್ತೆ ಕಟ್ಟಿಕೊಳ್ಳಬಹುದು. ಇದಕ್ಕೆ 'ಲೀನಿಯರ್ ಪ್ರಿಡಿಕ್ಟಿವ್ ಕೋಡಿಂಗ್' ಅನ್ನುತ್ತಾರೆ. ಜಪಾನಿನಲ್ಲೂ ಇದೇ ಕಾಲಕ್ಕೆ ಇಂಥದೇ ಕೆಲಸ ನಡೆದಿತ್ತು. ಸ್ಥಿರ ದೂರವಾಣಿಯ ಡಿಜಿಟಲ್ ಧ್ವನಿಗೆ ಸೆಕೆಂಡಿಗೆ 64,000 ಬಿಟ್ ಬೇಕು. ಈ ಊಹೆಯ ಉಪಾಯದಿಂದ ಜಿಎಸ್‌ಎಂ ಮೊಬೈಲಿನ ಮೊದಲ ವಿಧಾನ ಅದನ್ನು 13,000ಕ್ಕೆ ಇಳಿಸಿತು. ಅದೇ ಅಲೆಯಲ್ಲಿ ಹೆಚ್ಚು ಜನ ಮಾತಾಡಲು ಸಾಧ್ಯವಾಯಿತು. ಊರಿಂದ ಅಮ್ಮ ಫೋನ್ ಮಾಡಿ "ಊಟ ಆಯ್ತಾ?" ಅಂದಾಗ ನಿಮ್ಮ ಕಿವಿಗೆ ಬೀಳುವುದು ಹೀಗೆ ಊಹಿಸಿ ಮತ್ತೆ ಕಟ್ಟಿದ ಧ್ವನಿ. (ಅಮ್ಮನ ಪ್ರಶ್ನೆಯೇ ಊಹಿಸಲು ಸುಲಭ, ಅದು ಬೇರೆ ಮಾತು!)

<b>ಕಿತ್ತೂರಿನ ಎಕ್ಸ್‌ಚೇಂಜ್</b>

1984ರಲ್ಲಿ ಸಿ-ಡಾಟ್ ಶುರುವಾಯಿತು. ವಿದೇಶದ ದೊಡ್ಡ ಎಕ್ಸ್‌ಚೇಂಜುಗಳು ಹವಾನಿಯಂತ್ರಣ ಕೇಳುತ್ತಿದ್ದವು, ನಮ್ಮ ಹಳ್ಳಿಗಳಲ್ಲಿ ಕರೆಂಟೇ ಇರುತ್ತಿರಲಿಲ್ಲ. ಧೂಳು, ಬಿಸಿಲು, ಕರೆಂಟ್ ಕೈಕೊಡುವುದು ಎಲ್ಲ ತಡೆಯುವ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜನ್ನು ಇಲ್ಲಿನ ಕಾಲೇಜುಗಳಲ್ಲಿ ಓದಿದ ಹುಡುಗ ಹುಡುಗಿಯರು ವಿನ್ಯಾಸ ಮಾಡಿದರು. 1986ರಲ್ಲಿ ಅದು ಮೊದಲು ಕೆಲಸಕ್ಕೆ ನಿಂತದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿನಲ್ಲಿ! ಅದೇ ವರ್ಷ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳ ಜೊತೆ ಟಾಟಾ ಇನ್‌ಸ್ಟಿಟ್ಯೂಟೂ ಇತ್ತು. ಸಾಮಾನ್ಯರಿಗೆ ಇಂಟರ್ನೆಟ್ ಸಿಗುವುದಕ್ಕೆ (ಅದು 1995ರ ಆಗಸ್ಟ್ 15) ಎಷ್ಟೋ ಮುಂಚೆ ವಿಶ್ವವಿದ್ಯಾಲಯಗಳ ನಡುವೆ ಇ-ಮೇಲ್ ಓಡಾಡಿದ್ದು ಅದರಿಂದ.

<b>ಇಷ್ಟೆಲ್ಲ ಯಾಕೆ ಹೇಳಿದೆ?</b>

ಎರಡು ಕಾರಣಗಳಿವೆ.

ಒಂದು, ಭಾಷೆ. ಗೋಪಾಲಸ್ವಾಮಿಯವರ 30 ವ್ಯಾಟಿನ ಕೇಂದ್ರದಲ್ಲಿ ಒಟ್ಟಿಗಿದ್ದ ತಂತ್ರ ಮತ್ತು ಮಾತು ಬೇರೆಯಾದವು ಅಂದೆನಲ್ಲ. ಅದರ ಬೆಲೆಯನ್ನು ಕನ್ನಡ ತೆತ್ತಿದೆ. ಕನ್ನಡದ ಅಕ್ಷರಗಳನ್ನೇ ಎಣಿಸಿ ಮಾಡಿದ ಅಧ್ಯಯನ ಕೂಡ ಇಂಗ್ಲಿಷಿನಲ್ಲಿ ಬಂತು. ಕನ್ನಡ ಓದುಗನಿಗೆ ತನ್ನ ಭಾಷೆಯನ್ನು ಹಾಗೆ ತೂಗಿ ನೋಡಿದರು ಅನ್ನುವ ಸುದ್ದಿಯೂ ಮುಟ್ಟಲಿಲ್ಲ. ಈಗ ಕಂಪ್ಯೂಟರುಗಳು ಮುಂದಿನ ಪದ ಊಹಿಸಿ ಬರೆಯುವ ಕಾಲ. ಆ ಊಹೆ ಕನ್ನಡದಲ್ಲಿ ಎಡವಿದಾಗ ನಾವು ನಗುತ್ತೇವೆ. ಆದರೆ "ಕನ್ನಡದಲ್ಲಿ ಮುಂದಿನ ಅಕ್ಷರ ಯಾವುದು" ಅಂತ 1960ರ ದಶಕದಲ್ಲೇ ಕೇಳಿದವರಿದ್ದರು ಅನ್ನುವುದು ನೆನಪಿರಲಿ. ಪ್ರಶ್ನೆ ಹೊಸದಲ್ಲ, ನಾವು ಅದನ್ನು ಕೈಬಿಟ್ಟಿದ್ದೆವು ಅಷ್ಟೆ.

ಎರಡು, ನೆನಪು. ಪ್ರಾಧ್ಯಾಪಕರ ಕತೆ ಹೇಗೋ ಉಳಿಯುತ್ತದೆ. ಅವರ ಪ್ರಬಂಧಗಳಿವೆ, ಪುಸ್ತಕಗಳಿವೆ. ರಾಜೇಶ್ವರಿ ಚಟರ್ಜಿಯವರು ತಮ್ಮ ನೆನಪುಗಳನ್ನೂ ಬರೆದಿಟ್ಟರು. ಕೊಳವೆ ಕೊರೆದವರು, ಗಾಜು ಊದಿದವರು, ಐ.ಟಿ.ಐ.ನಲ್ಲಿ ರಿಲೇ ಜೋಡಿಸಿದವರು, ಬಿ.ಇ.ಎಲ್.ನಲ್ಲಿ ವಾಲ್ವ್ ಪರೀಕ್ಷಿಸಿದವರು ಬರೆದಿಡಲಿಲ್ಲ. ದೂರವಾಣಿನಗರದ ಅಸೆಂಬ್ಲಿ ಸಾಲುಗಳಲ್ಲಿ ಕೂತು ತಂತಿ ಬೆಸೆದ ಹೆಣ್ಣುಮಕ್ಕಳನ್ನು ಯಾರೂ 'ಮೊದಲ' ಅಂತ ಕರೆಯಲಿಲ್ಲ. ಐವತ್ತರ, ಅರವತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ಅವರೊಡನೆ ಈ ಚರಿತ್ರೆಯ ಅರ್ಧ ಭಾಗ ಹೋಗಿಬಿಡುತ್ತದೆ.

ಆದ್ದರಿಂದ ಬ್ಲಾಗ್ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಅಪ್ಪ, ಅಮ್ಮ, ದೊಡ್ಡಪ್ಪ, ಪಕ್ಕದ ಮನೆಯ ಅಜ್ಜ ಯಾರಾದರೂ ಈ ಕಾರ್ಖಾನೆಗಳಲ್ಲಿ, ಪಾಲಿಟೆಕ್ನಿಕ್ಕುಗಳಲ್ಲಿ, ಪ್ರಯೋಗಾಲಯಗಳಲ್ಲಿ, ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೆಲಸ ಮಾಡಿದ್ದರೆ ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಯಾವ ಯಂತ್ರ, ಯಾವ ಉಪಕರಣ, ಕೆಲಸ ಯಾರಿಂದ ಕಲಿತರು, ಊಟದ ಬಿಡುವಿನಲ್ಲಿ ಏನು ಮಾತಾಡುತ್ತಿದ್ದರು... ಸಣ್ಣದು ಅಂತ ಬಿಡಬೇಡಿ. ಕನ್ನಡದಲ್ಲೇ ಬರೆದು ಹಾಕಿ. ಶ್ಯಾನನ್ ಸಿದ್ಧಾಂತದ ಪ್ರಕಾರ ಊಹೆಗೆ ಸಿಗದ್ದೇ ನಿಜವಾದ ಸುದ್ದಿ ಅಲ್ಲವೇ? ಅವರ ಹತ್ತಿರ ಇರುವುದು ಅಂಥ ಸುದ್ದಿ.

ಬರೆದಾಗ ಒಂದು ಕೊಂಡಿ ಇಲ್ಲಿ ಹಾಕಿ, ಖಂಡಿತ ಬಂದು ಓದುತ್ತೇನೆ.